ಬೊಗೊಲಾನ್: ಹಳದಿ ಬಟ್ಟೆ, ಕಳಿತ ಕೆಸರು, ಕರಿ ಬಣ್ಣ (ಮಾಲಿ ದೇಶದ ಕೆಸರುಚಿತ್ರದ ಬಟ್ಟೆ ಕುರಿತು)

ಹತ್ತಿಹಾದಿ:
ಮಾಲಿಯ ಬೊಗೊಲಾನ್ ಬಟ್ಟೆ ಬಗ್ಗೆ ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ವಿಡಿಯೋಗಳಲ್ಲಿ ಕಾಣೋದು ಇಷ್ಟೇ: ಹಳದಿ ಬಟ್ಟೆ ಮೇಲೆ ಕೆಸರು ಬಳಿತಾರೆ, ಒಣಗಿಸ್ತಾರೆ, ತೊಳೀತಾರೆ, ಕೆಸರು ಹೋದ ಮೇಲೂ ಕಪ್ಪು ಉಳಿಯುತ್ತೆ. ಕೊನೆಗೆ ಆ ಹಳದಿ ಮಾಯ ಆಗಿ ಬಿಳಿ ಗೆರೆ ಎದ್ದು ಬರುತ್ತೆ. ಹಂಗಾದ್ರೆ ಮೊದಲು ಹಳದಿ ಮಾಡೋದು ಯಾಕೆ? ಕೆಸರನ್ನ ವರ್ಷಗಟ್ಟಲೆ ಮಡಕೆಯಲ್ಲಿ ಇಡ್ತಾರೆ ಅಂತಾರಲ್ಲ, ಅದು ನಿಜವಾಗ್ಲೂ ಬೇಕಾ? ನಮ್ಮ ಕೆರೆ ಗೋಡಿನಲ್ಲಿ (ತಳದ ಹೂಳಿನಲ್ಲಿ) ಮಾಡಿದ್ರೆ ಆಗುತ್ತಾ? ಆನ್‌ಲೈನ್‌ನಲ್ಲಿ "ಮಡ್ ಕ್ಲಾತ್" ಅಂತ ಮಾರುವ ದಿಂಬಿನ ಚೀಲಗಳು ಅಸಲಿಯೋ ಅಲ್ಲವೋ ಗುರುತಿಸೋದು ಹೇಗೆ?

ಅಳಲೆಕಾಯಿ:
ಹಳದಿಯನ್ನು ಬಣ್ಣ ಅಂತ ನೋಡಬೇಡಿ. ಅದು ಕಪ್ಪಿನ ಅರ್ಧ ಭಾಗ. ಇನ್ನರ್ಧ ಕೆಸರಿನಲ್ಲಿದೆ. ಎರಡೂ ನೂಲಿನ ಒಳಗೆ ಕೂಡಿದಾಗ ಕಪ್ಪು ಹುಟ್ಟುತ್ತದೆ.

ಮಾಲಿಯ ರಾಜಧಾನಿ ಬಮಾಕೊದ ಉತ್ತರಕ್ಕೆ ಬೆಲೆದುಗು ಅನ್ನುವ ಸೀಮೆ ಇದೆ, ಕೊಲೊಕಾನಿ ಅಲ್ಲಿನ ಊರು. ಬಮಾನಾ ಜನಾಂಗದ ಹೆಂಗಸರ ಹಳೆಯ ಕ್ರಮ ಅಂದರೆ ಹೆಚ್ಚಾಗಿ ಈ ಸೀಮೆಯದೇ. ಕ್ರಮ ಹೀಗೆ:

ನೇಯ್ದು ಹೊಲಿದ ಹತ್ತಿ ಬಟ್ಟೆಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಒಗೆದು ಒಣಗಿಸುತ್ತಾರೆ. ಕುಗ್ಗುವುದೆಲ್ಲ ಈಗಲೇ ಕುಗ್ಗಬೇಕು, ಇಲ್ಲದಿದ್ದರೆ ಬರೆದ ಗೆರೆ ಆಮೇಲೆ ಸೊಟ್ಟಗಾಗುತ್ತದೆ. ಬಳಿಕ ನ್‌ಗಲಾಮ ಮರದ ಎಲೆಗಳನ್ನು ಜಜ್ಜಿ, ಕುದಿಸಿ ಅಥವಾ ನೆನೆಹಾಕಿ ತೆಗೆದ ಕಷಾಯದಲ್ಲಿ ಬಟ್ಟೆ ಅದ್ದುತ್ತಾರೆ. ಹಿಂಡಿ ನೆಲದ ಮೇಲೆ ಚಪ್ಪಟೆಯಾಗಿ ಹರಡಿ ಬಿಸಿಲಿಗೆ ಒಣಗಿಸುತ್ತಾರೆ. ಹಗ್ಗಕ್ಕೆ ನೇತುಹಾಕುವುದಿಲ್ಲ, ಇದು ಮುಖ್ಯ. ನೀರು ಮೇಲ್ಮುಖದಿಂದ ಆರುತ್ತಾ ಹೋದಂತೆ ಎಲೆಯ ಒಗರು ಕೂಡ ಅದರ ಜೊತೆ ಮೇಲಕ್ಕೆ ಬರುತ್ತದೆ. ಹಾಗಾಗಿ ಸೂರ್ಯನ ಕಡೆಗಿದ್ದ ಮಗ್ಗುಲು ಹೆಚ್ಚು ಹಳದಿ. ಚಿತ್ರ ಬರೆಯುವುದು ಆ ಮಗ್ಗುಲಿನ ಮೇಲೆಯೇ.

ಕೆಸರನ್ನು ಹೊಂಡ, ಹಳ್ಳಗಳ ತಳದಿಂದ ತರುತ್ತಾರೆ. ಮೇಲ್ಪದರದ ಮಣ್ಣಲ್ಲ, ಎಲೆ ಕೊಳೆತು ಕಪ್ಪಾಗಿರುವ ಅಡಿಯ ಕೆಸರು. ಮಡಕೆಗೆ ತುಂಬಿ, ಮೇಲೆ ನೀರು ನಿಲ್ಲಿಸಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಇಡುತ್ತಾರೆ.

ಈಗ ಬರವಣಿಗೆ. ಹೊಸಬರು ಇಲ್ಲೇ ತಪ್ಪು ತಿಳಿಯುವುದು. ಬಿಳಿಯಾಗಿ ಕಾಣುವ ಚಿತ್ರವನ್ನು ಯಾರೂ ಬರೆಯುವುದಿಲ್ಲ. ಬಿದಿರಿನ ಕಡ್ಡಿಯಿಂದಲೋ ಸಣ್ಣ ಕಬ್ಬಿಣದ ಪಟ್ಟಿಯಿಂದಲೋ ಚಿತ್ರದ ಎರಡೂ ಬದಿಗೆ ಕೆಸರಿನ ಅಂಚು ಎಳೆದು, ಸುತ್ತಲಿನ ಜಾಗವನ್ನು ಕೆಸರಿನಿಂದ ತುಂಬುತ್ತಾರೆ. ಚಿತ್ರ ಅಂದರೆ ಕೆಸರು ತಾಗದೆ ಉಳಿದ ಜಾಗ. ಒಣಗಿದ ಮೇಲೆ ತೊಳೆದು, ಮತ್ತೆ ಎಲೆಯ ಕಷಾಯಕ್ಕೆ ಅದ್ದಿ, ಅದೇ ಗೆರೆಗಳ ಮೇಲೆ ಎರಡನೇ ಸಲ ಕೆಸರು. ಒಳ್ಳೆಯ ಬಟ್ಟೆಗೆ ಮೂರನೇ ಸಲವೂ ಉಂಟು. ಒಂದೇ ಸಲಕ್ಕೆ ಬರುವುದು ಬೂದು, ಕಪ್ಪಲ್ಲ.

ಕೊನೆಗೆ ಉಳಿದ ಹಳದಿ ಗೆರೆಗಳ ಮೇಲೆ ಕಾಸ್ಟಿಕ್ ಸೋಡಾ, ಶೇಂಗಾ, ಸಜ್ಜೆ ತೌಡು, ನೀರು ಕುದಿಸಿದ ಲೇಪ ಹಚ್ಚುತ್ತಾರೆ. ಹಳದಿ ಕಂದಾಗುತ್ತದೆ. ಒಂದು ವಾರದಷ್ಟು ಬಿಸಿಲಿಗೆ ಬಿಟ್ಟು ತೊಳೆದರೆ ಬಿಳಿ. ಕರಿ ಬಯಲನ್ನು ಬಿಟ್ಟು ಬರೀ ಆ ಸಪೂರ ಗೆರೆಗಳ ಮೇಲೆ ಲೇಪ ಹಚ್ಚುತ್ತಾ ಹೋಗಬೇಕು. ಇಷ್ಟು ತಾಳ್ಮೆಯ ಕೆಲಸ ಆದ್ದರಿಂದಲೇ ಈ ಹಂತವನ್ನು ಈಗ ಬಹಳ ಜನ ಬಿಟ್ಟಿದ್ದಾರೆ.

ಕೆರೆದಂಡೆ:
ಮೇಲಿನ ವಿವರಕ್ಕೆ ರಸಾಯನಶಾಸ್ತ್ರದ ಕಡೆಯಿಂದ ಒಂದಿಷ್ಟು ಸೇರಿಸುವೆ. "ವರ್ಷಗಟ್ಟಲೆ ಯಾಕೆ" ಅನ್ನುವುದಕ್ಕೆ ಉತ್ತರ ಅಲ್ಲಿದೆ.

ಮಣ್ಣಿನಲ್ಲಿರುವ ಕಬ್ಬಿಣ ಬಹುಪಾಲು ತುಕ್ಕಿನ ರೂಪದ್ದು. ಅದು ನೀರಿನಲ್ಲಿ ಕರಗುವುದಿಲ್ಲ, ನೂಲಿನೊಳಗೆ ಇಳಿಯುವುದೂ ಇಲ್ಲ. ಗಾಳಿ ತಗಲದ ಮಡಕೆಯಲ್ಲಿ, ಕೊಳೆಯುವ ಎಲೆಕಸ ತಿಂದು ಬೆಳೆಯುವ ಬ್ಯಾಕ್ಟೀರಿಯಾಗಳು ಈ ತುಕ್ಕನ್ನು ಕರಗುವ ಫೆರಸ್ ಕಬ್ಬಿಣವಾಗಿ ಮಾರ್ಪಡಿಸುತ್ತವೆ. ಮುಚ್ಚಳ ತೆರೆದಾಗ ಬರುವ ಕೊಳೆತ ವಾಸನೆ ಕೆಲಸ ಆಗುತ್ತಿದೆ ಅನ್ನುವುದಕ್ಕೆ ಗುರುತು. ಫೆರಸ್ ಕಬ್ಬಿಣ ನೂಲಿನಲ್ಲಿರುವ ಟ್ಯಾನಿನ್ (ಎಲೆಯ ಒಗರು) ಜೊತೆ ಕೂಡಿದಾಗ ಮೊದಲು ತೆಳು ಬಣ್ಣ. ಗಾಳಿ ಸೋಕಿ ಆಕ್ಸಿಡೀಕರಣ ಆದ ಮೇಲೆ ನೀಲಿಗಪ್ಪು. ಆದ್ದರಿಂದ ಕೆಸರು ಹಚ್ಚಿದ ತಕ್ಷಣ ತೊಳೆದರೆ ನಿರಾಶೆಯೇ ಗತಿ. ಪೂರ್ತಿ ಒಣಗಬೇಕು.

ಇದರಿಂದ ಇನ್ನೆರಡು ಸಂಗತಿ ಸ್ಪಷ್ಟ. ಕೆಸರಿನ ಬಣ್ಣಕ್ಕೂ ಬಟ್ಟೆಯ ಬಣ್ಣಕ್ಕೂ ಸಂಬಂಧ ಇಲ್ಲ. ಮಲೆನಾಡಿನ ಕೆಮ್ಮಣ್ಣಿನಲ್ಲಿ ಕಬ್ಬಿಣ ಹೇರಳ, ಆದರೂ ಹಸಿ ಕೆಮ್ಮಣ್ಣು ಬಳಿದರೆ ಕೆಂಪು ಕಲೆ ಬಿಟ್ಟು ಬೇರೇನೂ ಆಗದು. ಇನ್ನೊಂದು, ಕೆಸರಿನಲ್ಲಿರುವ ಜೇಡಿಮಣ್ಣಿನ ಕೆಲಸ ಬೇರೆಯೇ. ಕಬ್ಬಿಣದ ದ್ರಾವಣವನ್ನು ಹಾಗೇ ಕುಂಚದಲ್ಲಿ ಹಚ್ಚಿದರೆ ನೂಲಿನ ಗುಂಟ ಹರಡಿ ಅಂಚು ಕೆಡುತ್ತದೆ. ಜೇಡಿ ನೀರನ್ನು ಹಿಡಿದಿಟ್ಟು ಕಬ್ಬಿಣವನ್ನು ಇಟ್ಟ ಜಾಗದಲ್ಲೇ ನಿಲ್ಲಿಸುತ್ತದೆ. ಬೊಗೊಲಾನಿನ ಗೆರೆ ಅಷ್ಟು ಖಚಿತವಾಗಿ ನಿಲ್ಲುವುದು ಅದರಿಂದ.

ಕೆಸರು ಪಕ್ವ ಆಯಿತೋ ಇಲ್ಲವೋ ನೋಡಲು ಸುಲಭ ಪರೀಕ್ಷೆ: ಮಡಕೆಯ ಮೇಲಿನ ತಿಳಿ ನೀರನ್ನು ಬಟ್ಟೆಯಲ್ಲಿ ಸೋಸಿ, ಹಾಲು ಹಾಕದ ಗಟ್ಟಿ ಟೀ ಡಿಕಾಕ್ಷನ್‌ಗೆ ನಾಲ್ಕು ಹನಿ ಬಿಡಿ. ಮಸಿಯಂತೆ ಕಪ್ಪಾದರೆ ಸರಿ. ಬರೀ ಕದಡಿದರೆ ಇನ್ನೂ ಕಾಯಬೇಕು.

ಮಗ್ಗದಮನಿ:
ಬಣ್ಣದ ಮಾತು ಬರೋಬ್ಬರಿ ಅದ. ಆದ್ರ ಬಟ್ಟಿ ಬಗ್ಗೆ ಯಾರೂ ಹೇಳಲಿಲ್ಲಲ್ರಿ. ಅರ್ಧ ಗುಟ್ಟು ಅದರಾಗ ಅದ.

ಅಲ್ಲಿ ಹೆಣ್ಮಕ್ಕಳು ನೂಲ್ತಾರ, ಗಂಡಸರು ನೇಯ್ತಾರ. ಮಗ್ಗ ಸಣ್ಣದು, ಪಟ್ಟಿ ಅಗಲ ಸುಮಾರು 10ರಿಂದ 15 ಸೆಂಟಿಮೀಟರ್ ಅಷ್ಟೇ. ಹಾಸು ಮಾತ್ರ ಭಾಳ ಉದ್ದ. ನೇಕಾರನ ಮುಂದ ಅಂಗಳದಾಗ ಉದ್ದಕ ಚಾಚಿಕೊಂಡಿರ್ತದ, ಆ ಕಡೆ ತುದಿಗೆ ಕಲ್ಲು ಹೇರಿದ ಒಂದು ಹಲಗಿ. ನೇಯ್ದಂಗ ನೇಯ್ದಂಗ ಕಲ್ಲು ಈ ಕಡೆ ಎಳಕೊಂಡು ಬರ್ತದ, ಬಿಗಿ ತಾನ ನಿಲ್ತದ. ನಮ್ಮ ಕುಣಿಮಗ್ಗಕ್ಕೂ ಅದಕ್ಕೂ ಇದೇ ದೊಡ್ಡ ಫರಕು. ನೇಯ್ದ ಪಟ್ಟಿ ಸುರುಳಿ ಸುತ್ತಿ ಇಟ್ಟು, ಆಮ್ಯಾಗ ತುಂಡು ಮಾಡಿ ಅಂಚಿಗೆ ಅಂಚು ಹಚ್ಚಿ ಹೊಲಿತಾರ. ಒಂದರ ಮ್ಯಾಲ ಒಂದು ಏರಿಸಿ ಹೊಲಿಯೂದಿಲ್ಲ. ಹಂಗ ಮಾಡಿದ್ರ ಹೊಲಿಗಿ ಜಾಗ ದಪ್ಪ ಆಗಿ ಕಡ್ಡಿ ಎಡವತದ, ಕೆಸರು ಗುಡ್ಡಿ ಕಟ್ಟತದ.

ಕೈನೂಲು ದಪ್ಪ, ಸಡಿಲ. ಕಷಾಯ ಭಾಳ ಕುಡೀತದ. ಮಿಲ್ಲಿನ ಪಾಪ್ಲಿನ್ ಮ್ಯಾಲ ಇದೇ ಕೆಸರು ಹಚ್ಚಿದ್ರ ಮಾಸಲು ಬೂದಿ ಬಣ್ಣ ಬರೂದು ಅದಕ್ಕ. ಗಂಜಿ ತಗೀಲಾರದ ಖಾದಿ ತಗೊಂಡ್ರೂ ಅದೇ ಹಣೆಬರ. ಪಾಲಿಸ್ಟರ್ ಮಿಕ್ಸ್ ಇದ್ರಂತೂ ಕೈ ಮುಗದು ಬಿಡ್ರಿ.

ಸವಿತಾ_ಎಚ್:
ತೊಳೆಯುವಾಗ ಹಳದಿ ಗೆರೆಗಳೆಲ್ಲ ಬೂದು ಆಗಿಬಿಡುತ್ತವೆ ಅನ್ನುವ ದೂರು ನೈಸರ್ಗಿಕ ಬಣ್ಣದ ಗುಂಪುಗಳಲ್ಲಿ ಪದೇ ಪದೇ ಬರುತ್ತದೆ. ಅದಕ್ಕೆ ಕಾರಣ ಏನು? ಮಾಲಿಯ ಹೆಂಗಸರು ಅದನ್ನು ಹೇಗೆ ತಪ್ಪಿಸುತ್ತಾರೆ?

ಅಳಲೆಕಾಯಿ:
ಸವಿತಾ ಮೇಡಂ, ಕೆಸರಿನಲ್ಲಿ ಇನ್ನೂ ಕೂಡದೆ ಉಳಿದ ಕಬ್ಬಿಣ ಇರುತ್ತದೆ. ಹಳದಿ ಗೆರೆಯಲ್ಲಿ ಟ್ಯಾನಿನ್ ಕಾದು ಕೂತಿರುತ್ತದೆ. ಬಕೆಟ್ಟಿನ ಸ್ವಲ್ಪ ನೀರಿನಲ್ಲಿ ಅದ್ದಿ ಹಿಂಡಿದರೆ ಎರಡೂ ಅಲ್ಲೇ ಸೇರುತ್ತವೆ. ಬೂದು ಬರದೆ ಇನ್ನೇನು ಬಂದೀತು!

ಹೀಗೆ ಮಾಡಿ. ಕೆಸರು ಗರಿಗರಿ ಒಣಗಿದ ಮೇಲೆ ಬಟ್ಟೆಯನ್ನು ಕೊಡವಿ, ಅಂಗೈಯಲ್ಲಿ ಉಜ್ಜಿ ಒಣ ಮಣ್ಣನ್ನು ಆದಷ್ಟು ಉದುರಿಸಿ. ಆಮೇಲೆ ಹರಿಯುವ ನೀರಿನಲ್ಲಿ, ಚಿತ್ರದ ಮಗ್ಗುಲು ಕೆಳಗೆ ಮಾಡಿ, ಹಿಂಭಾಗದಿಂದ ರಭಸವಾಗಿ ನೀರು ಹಾಯಿಸಿ. ಮಡಚಬೇಡಿ, ನೆನೆಹಾಕಬೇಡಿ. ಹೊಳೆಯ ದಂಡೆಯಲ್ಲಿ ತೊಳೆಯುವುದರ ಲಾಭ ಇದೇ. ಹೊಳೆ ಇಲ್ಲದ ಕಡೆ ಮೊದಲ ನೀರಿಗೆ ಲೀಟರಿಗೆ 5 ಗ್ರಾಂನಷ್ಟು ಸೀಮೆಸುಣ್ಣದ (ಕ್ಯಾಲ್ಸಿಯಂ ಕಾರ್ಬೊನೇಟ್) ಪುಡಿ ಕಲಸಿಕೊಳ್ಳಿ, ಬಿಟ್ಟ ಕಬ್ಬಿಣ ಅದಕ್ಕೆ ಅಂಟಿ ಕೂರುತ್ತದೆ. ಜಿಪ್ಸಂನಿಂದ ಮಾಡಿದ ಬೋರ್ಡಿನ ಚಾಕ್‌ಪೀಸ್ ಬೇಡ, ಅದು ಬೇರೆ ವಸ್ತು.

ಹತ್ತಿಹಾದಿ:
ನ್‌ಗಲಾಮ ನಮ್ಮಲ್ಲಿ ಸಿಗಲ್ಲ. ಬದಲಿಗೆ ಅಳಲೆಕಾಯಿ ಹಾಕಬಹುದಾ? ಅಳತೆ ಹೇಳಿ ಅಣ್ಣಾ.

ಅಳಲೆಕಾಯಿ:
ಹಾಕಬಹುದು, ಹತ್ತಿರದ ನೆಂಟನೇ. ನ್‌ಗಲಾಮವೂ ಅಳಲೆಯೂ ಒಂದೇ ಕುಟುಂಬ. ನಮ್ಮ ಎಲೆ ಉದುರುವ ಕಾಡುಗಳಲ್ಲಿ ಬೆಳೆಯುವ ದಿಂಡಿಗ ಮರ ನ್‌ಗಲಾಮಕ್ಕೆ ಅಳಲೆಗಿಂತಲೂ ಹತ್ತಿರ. ದಿಂಡಿಗದ ಎಲೆಯನ್ನು ಹಿಂದೆ ಚರ್ಮ ಹದ ಮಾಡಲು ಬಳಸುತ್ತಿದ್ದರು, ಒಗರು ಅಷ್ಟಿದೆ. ಕರಿಜಾಲಿಯಂತೂ ಮಾಲಿಯಲ್ಲೂ ಇದೆ ಇಲ್ಲೂ ಇದೆ. ಅಲ್ಲಿನ ಚರ್ಮಕಾರರೂ ಬಣ್ಣದವರೂ ಅದರ ಕಾಯಿ ಬಳಸುತ್ತಾರೆ. ಆದರೆ ಜಾಲಿ ಕಾಯಿಯಿಂದ ಬರುವುದು ಹಳದಿಯಲ್ಲ, ಮಾಸಲು ಕಂದು. ಕೊನೆಗೆ ಬಿಳಿ ಮಾಡುವ ಇರಾದೆ ಇದ್ದರೆ ಅಳಲೆ ಮೇಲು.

1 ಕೆಜಿ ಒಣ ಬಟ್ಟೆಗೆ: ಮೊದಲು ಗಂಜಿ, ಎಣ್ಣೆ ತೆಗೆಯಲು 20 ಗ್ರಾಂ ವಾಷಿಂಗ್ ಸೋಡಾ ಮತ್ತು ಸ್ವಲ್ಪ ಸೋಪು ಹಾಕಿ ಒಂದು ಗಂಟೆ ಕುದಿಸಿ ಜಾಲಿಸಿ. ಒಣ ಬಟ್ಟೆ ಮೇಲೆ ಒಂದು ಹನಿ ನೀರು ಬಿಟ್ಟರೆ ಕೂಡಲೇ ಹೀರಬೇಕು, ಮುತ್ತಿನಂತೆ ನಿಂತರೆ ಮತ್ತೆ ಕುದಿಸಿ. ಬಳಿಕ 200 ಗ್ರಾಂ ಅಳಲೆಕಾಯಿ ಪುಡಿಯನ್ನು (ಬೀಜ ತೆಗೆದದ್ದು) ಬಿಸಿ ನೀರಿನಲ್ಲಿ ರಾತ್ರಿ ನೆನೆಸಿ ಸೋಸಿ, 15 ಲೀಟರ್ ಮಾಡಿಕೊಂಡು ಬಟ್ಟೆ ಅದ್ದಿಡಿ. ಎರಡು ಮೂರು ಗಂಟೆ ಸಾಕು. ಹಿಂಡಿ ಚಪ್ಪಟೆ ಹಾಸಿ ಒಣಗಿಸಿ. ಅದ್ದಿದ ಮೇಲೆ ನೀರಿನಲ್ಲಿ ಜಾಲಿಸಬಾರದು, ಒಗರು ಇನ್ನೂ ನೂಲನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲ. ದಿಂಡಿಗದ ಒಣ ಎಲೆಯಾದರೆ ಬಟ್ಟೆಯ ತೂಕದಷ್ಟೇ ಎಲೆ, ಒಂದು ಗಂಟೆ ಕುದಿ. ಕಬ್ಬಿಣದ ಬಾಣಲೆ ಬೇಡವೇ ಬೇಡ, ಕಷಾಯ ಒಲೆಯ ಮೇಲೇ ಕಪ್ಪಾಗುತ್ತದೆ. ಸ್ಟೀಲು ಇಲ್ಲವೇ ಮಣ್ಣಿನ ಪಾತ್ರೆ.

ಕೆಸರಿಗೆ: ಬೇಸಿಗೆಯಲ್ಲಿ ತಗ್ಗಿದ ಕೆರೆಯ ಕರಿ ಗೋಡು. ಒಣಗಿಸಿ ಕುಟ್ಟಿ ಹಿಟ್ಟಿನ ಜರಡಿಯಲ್ಲಿ ಸಾಣಿಸಿ. ಮರಳು ಉಳಿದರೆ ಗೆರೆ ತುಂಡಾಗುತ್ತದೆ. 2 ಕೆಜಿ ಗೋಡಿಗೆ ಒಂದು ಹಿಡಿ ತೌಡು, ಒಂದು ಹಿಡಿ ಒಣ ಎಲೆ, ತುಕ್ಕು ಹಿಡಿದ ಒಂದಿಷ್ಟು ಮೊಳೆ ಸೇರಿಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ನಮ್ಮ ಸೆಕೆಗೆ ಆರರಿಂದ ಎಂಟು ವಾರದಲ್ಲಿ ಕೆರೆದಂಡೆಯವರ ಟೀ ಪರೀಕ್ಷೆ ಪಾಸಾಗಬಹುದು. ದಿನಾ ಕಲಕಬೇಡಿ, ಗಾಳಿ ಸೇರಿದರೆ ಮಾಡಿದ್ದೆಲ್ಲ ಹಿಂದಕ್ಕೆ. ಹಚ್ಚುವಾಗ ದೋಸೆ ಹಿಟ್ಟಿನ ಹದ ಇರಲಿ.

ಕೆರೆದಂಡೆ:
ಕಾಯಲು ಪುರುಸೊತ್ತಿಲ್ಲದವರು ಅನ್ನಭೇದಿ (ಫೆರಸ್ ಸಲ್ಫೇಟ್) ಬೆರೆಸುತ್ತಾರೆ. ಒಂದು ಲೀಟರ್ ಕೆಸರಿಗೆ 15 ಗ್ರಾಂ ಸಾಕು, 30 ದಾಟಬೇಡಿ. ಅನ್ನಭೇದಿಯಲ್ಲಿರುವ ಸಲ್ಫೇಟು ಆಮ್ಲವಾಗಿ ನೂಲಿನಲ್ಲೇ ಉಳಿದು ಹತ್ತಿಯನ್ನು ಕಡಿಯುತ್ತದೆ. ಈಗ ಗೊತ್ತಾಗುವುದಿಲ್ಲ, ಒಂದೆರಡು ವರ್ಷದ ಮೇಲೆ ಕಪ್ಪಿರುವ ಕಡೆ ಮಾತ್ರ ಬಟ್ಟೆ ಪಿಸಿಯುತ್ತದೆ. ಸೀಮೆಸುಣ್ಣದ ನೀರಿನಲ್ಲಿ ಜಾಲಿಸುವುದಕ್ಕೆ ಇದು ಇನ್ನೊಂದು ಕಾರಣ.

ಶ್ರೀಕಾಳಹಸ್ತಿಯ ಕಲಂಕಾರಿಯವರು ಕಪ್ಪಿಗೆ ಮಾಡುವ ಕಬ್ಬಿಣ-ಬೆಲ್ಲದ ಹುಳಿನೀರು ಇದಕ್ಕಿಂತ ಮೃದು. ಅಳಲೆ ಹಚ್ಚಿದ ಬಟ್ಟೆ, ಹುಳಿಸಿದ ಕಬ್ಬಿಣ: ತತ್ತ್ವ ಬೆಲೆದುಗುವಿನದೇ. ಇಬ್ಬರೂ ಒಬ್ಬರಿಂದ ಒಬ್ಬರು ಕಲಿತರು ಅಂತ ಮಾತ್ರ ಯಾರೂ ಕಥೆ ಕಟ್ಟಬೇಡಿ. ಒಗರೂ ಕಬ್ಬಿಣವೂ ಇದ್ದ ಕಡೆಯೆಲ್ಲ ಜನ ಈ ಕಪ್ಪನ್ನು ತಾವಾಗಿಯೇ ಕಂಡುಕೊಂಡಿದ್ದಾರೆ.

ಸವಿತಾ_ಎಚ್:
ಬಿಳಿ ಮಾಡಲು ಕಾಸ್ಟಿಕ್ ಸೋಡಾ ಬದಲು ಬಟ್ಟೆ ಒಗೆಯುವ ಬ್ಲೀಚ್ ಹಾಕಿದರೆ?

ಅಳಲೆಕಾಯಿ:
ಬಮಾಕೊ, ಸೆಗು ಕಡೆಯ ಕಾರ್ಯಾಗಾರಗಳಲ್ಲೂ ಬ್ಲೀಚ್ ಬಂದು ಬಹಳ ಕಾಲ ಆಯಿತು. ಕೆಲಸ ಬೇಗ ಆಗುತ್ತದೆ. ಆದರೆ ಅದು ಕೊಡುವ ಬಿಳಿ ಚುರುಕು ಬಿಳಿ, ಹಳೆಯ ಲೇಪದ ಹಾಲುಬಿಳಿ ಅಲ್ಲ. ಗೆರೆಯ ಅಂಚೂ ಹರಡುತ್ತದೆ.

ಹಾಕುವುದಾದರೆ ಅಂಗಡಿಯ ದ್ರಾವಣಕ್ಕೆ ಮೂರು ಪಾಲು ನೀರು ಸೇರಿಸಿ, ಸ್ವಲ್ಪ ಜೇಡಿ ಕಲಸಿ ಗಟ್ಟಿ ಮಾಡಿ, ನೈಲಾನ್ ಕುಂಚದಿಂದ ಹಚ್ಚಿ. ಕೂದಲಿನ ಕುಂಚ ಕರಗಿಹೋಗುತ್ತದೆ. ಎರಡು ಮೂರು ನಿಮಿಷ ಬಿಟ್ಟು ಧಾರಾಳ ನೀರಿನಲ್ಲಿ ತೊಳೆಯಿರಿ. ಬ್ಲೀಚಿನ ಹತ್ತಿರ ವಿನಿಗರ್, ನಿಂಬೆ ಸುಳಿಯಬಾರದು, ಕ್ಲೋರಿನ್ ವಿಷಾನಿಲ ಬರುತ್ತದೆ. ಕಾಸ್ಟಿಕ್ ಸೋಡಾ ಬಳಸುವವರು ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ದೂರ ಇಡಿ.

ಮಗ್ಗದಮನಿ:
ಬಿಳಿ ಮಾಡಲೇಬೇಕಂತ ಏನದ? ಹಳದಿ-ಕರಿ ಹಂಗ ಬಿಟ್ರೂ ಚಂದ.

ವಸ್ತ್ರಭಂಡಾರ:
ಎಷ್ಟೋ ಜನ ಬಿಡುತ್ತಾರೆ. ಸಾನ್ ಊರಿನ ಕಡೆಯಿಂದ ಪೇಟೆಗೆ ಬರುವ ಬಟ್ಟೆಗಳಲ್ಲಿ ತಿಳಿ ನೆಲದ ಮೇಲೆ ನೇರವಾಗಿ ಕರಿ ಚಿತ್ರ ಬರೆದದ್ದೇ ಹೆಚ್ಚು. ಅಂದರೆ ಬೆಲೆದುಗುವಿನ ಕ್ರಮದ ತಿರುವು ಮುರುವು. ದೊಡ್ಡ ಬಯಲನ್ನು ಎರಡು ಮೂರು ಸಲ ಕೆಸರು ತುಂಬುವ ಕೆಲಸ ಉಳಿಯಿತಲ್ಲ. ತಗಡಿನ ಅಚ್ಚು ಇಟ್ಟು ಕೆಸರು ಬಳಿಯುವುದೂ ಇದೆ. ಇವು ಸುಳ್ಳು ಬಟ್ಟೆಗಳಲ್ಲ, ಕೈಕೆಲಸವೇ. ಆದರೆ ಮೂರು ಸಲ ಕೆಸರು ಕಂಡ ಬಟ್ಟೆಯ ಬೆಲೆ ಕೇಳಿದರೆ ಕೊಡಬೇಡಿ.

ಅಸಲಿ ಗುರುತಿಸಲು ಮೊದಲು ಹಿಂದೆ ತಿರುಗಿಸಿ ನೋಡಿ. ಪಟ್ಟಿಗಳ ಹೊಲಿಗೆ ಒಂದು ಗೇಣಿಗೂ ಕಡಿಮೆ ಅಂತರದಲ್ಲಿ ಸಾಲಾಗಿ ಕಾಣಬೇಕು. ಹಿಂಭಾಗದಲ್ಲಿ ಕಪ್ಪು ಅಲ್ಲಲ್ಲಿ ಇಳಿದು ಮಸುಕಾಗಿರುತ್ತದೆ. ಮಿಲ್ಲಿನ ಪ್ರಿಂಟಿನಲ್ಲಿ ಒಂದೋ ಹಿಂದೆ ಪೂರ್ತಿ ಬಿಳಿ, ಇಲ್ಲವೇ ಎರಡೂ ಕಡೆ ಒಂದೇ ಸಮ. ಪ್ರಿಂಟಿನಲ್ಲಿ ಒಂದು ತಪ್ಪು ಗೆರೆ ಇದ್ದರೆ ಅಳತೆಗೆ ಸರಿಯಾಗಿ ಮತ್ತೆ ಮತ್ತೆ ಬರುತ್ತದೆ. ಕೈಕೆಲಸದಲ್ಲಿ ಅದೇ ತಪ್ಪು ಎರಡು ಸಲ ಬರುವುದಿಲ್ಲ.

ಕೆರೆದಂಡೆ:
ಮರೆಯಾದ ಮೂಲೆಯಲ್ಲಿ ನಿಂಬೆರಸದ ಒಂದು ಹನಿ ಬಿಟ್ಟರೂ ತಿಳಿಯುತ್ತದೆ. ಕಬ್ಬಿಣ-ಟ್ಯಾನಿನ್ ಕಪ್ಪಾದರೆ ಕೆಲವು ನಿಮಿಷದಲ್ಲಿ ಕಂದಾಗಿ ಮಾಸುತ್ತದೆ, ಪಿಗ್ಮೆಂಟ್ ಪ್ರಿಂಟು ಜಗ್ಗುವುದಿಲ್ಲ.

ವಸ್ತ್ರಭಂಡಾರ:
ಹೊಸ ಬಟ್ಟೆಗೆ ಸರಿ ಸರ್. ಹಳೆಯದಕ್ಕೆ ದಯವಿಟ್ಟು ಯಾರೂ ಮಾಡಬೇಡಿ. ಹಳೆಯ ಬೊಗೊಲಾನಿನಲ್ಲಿ ಕಪ್ಪು ಜಾಗದ ನೂಲು ಮೊದಲೇ ದುರ್ಬಲ, ಹುಳಿ ಬಿದ್ದರೆ ಅಲ್ಲಿ ತೂತು ಬೀಳುತ್ತದೆ. ಮಡಚಿದ ಗೆರೆಯಲ್ಲೂ ಹಾಗೇ ಬಿರಿಯುತ್ತದೆ. ಆದ್ದರಿಂದ ಹಳೆಯದನ್ನು ಮಡಚದೆ ರಟ್ಟಿನ ಕೊಳವೆಗೆ ಸುತ್ತಿ, ನಡುವೆ ಒಗೆದ ಬಿಳಿ ಹತ್ತಿ ಬಟ್ಟೆ ಇಡಬೇಕು. ಕೊಳವೆಯ ಮೇಲೂ ಒಂದು ಪದರ ಬಟ್ಟೆ ಸುತ್ತಿ, ಅಗ್ಗದ ರಟ್ಟಿನಲ್ಲೂ ಆಮ್ಲ ಇರುತ್ತದೆ.

ದಿನಬಳಕೆಯ ಹೊಸ ಬಟ್ಟೆಗೆ ತಣ್ಣೀರು, ಅಂಟುವಾಳ. ಬಟ್ಟೆ ಸೋಪಿನ ಕ್ಷಾರಕ್ಕೆ ಕಪ್ಪು ಕಂದಿನ ಕಡೆ ವಾಲುತ್ತದೆ. ಹುಣಿಸೆ, ನಿಂಬೆ ಚೆಲ್ಲುವ ಊಟದ ಮೇಜಿಗೆ ಇದನ್ನು ಹಾಸಬೇಡಿ. ಸಾರು ಬಿದ್ದರೆ ಕಲೆ ಆಗುವುದು ಹಾಗಿರಲಿ, ಇದ್ದ ಕಪ್ಪೂ ಹೋಗುತ್ತದೆ!

ಸವಿತಾ_ಎಚ್:
ಚಿತ್ರಗಳಿಗೆ ಅರ್ಥ ಇದೆಯಂತಲ್ಲ? ಒಂದು ಜಾಲತಾಣದಲ್ಲಿ ಅಂಕುಡೊಂಕು ಗೆರೆಗೆ, ಚುಕ್ಕೆಗೆ, ಕೂಡುಗೆರೆಗೆ ಎಲ್ಲಕ್ಕೂ ಪಟ್ಟಿ ಮಾಡಿ ಅರ್ಥ ಕೊಟ್ಟಿದ್ದಾರೆ.

ವಸ್ತ್ರಭಂಡಾರ:
ಆ ಪಟ್ಟಿಗಳನ್ನು ಅರ್ಧಕ್ಕರ್ಧ ಕಡಿತ ಮಾಡಿ ಓದಿ. ಹೆಸರುಗಳಿವೆ, ನಿಜ: ಉಡದ ಮೊಣಕೈ, ಮೊಸಳೆ, ಮೂರಿಷ್ (ಮಾರಿಟಾನಿಯಾ ಕಡೆಯ) ಹೆಂಗಸರ ದಿಂಬು ಹೀಗೆ. ಫ್ರೆಂಚರ ವಿರುದ್ಧ ಕಾದಿದ ಸಮೋರಿ ತೂರೆಯ ಯುದ್ಧವನ್ನು ನೆನಪಿಸುವ ವಿನ್ಯಾಸವೂ ಇದೆ. ಆದರೆ ಒಂದೇ ಗೆರೆಗೆ ಊರಿಂದೂರಿಗೆ ಹೆಸರು ಬೇರೆ. ಒಂದು ಬಟ್ಟೆಯಲ್ಲಿ ಯಾವ ಚಿತ್ರ ಯಾವುದರ ಪಕ್ಕ ಬರುತ್ತದೆ, ನಡುವೆ ಯಾವುದು, ಅಂಚಿಗೆ ಯಾವುದು ಅನ್ನುವುದನ್ನು ನೋಡಿ ಬಲ್ಲವರು ಓದುತ್ತಾರೆ. ಬಿಡಿ ಚಿತ್ರಕ್ಕೆ ಬಿಡಿ ಅರ್ಥ ಹಚ್ಚುವುದು ಮಾರಾಟಗಾರರಿಗೆ ಅನುಕೂಲ, ಅಷ್ಟೇ.

ಬಳಕೆಯೂ ಹಾಗೇ. ಬಾಣಂತಿಯರು, ಸುನ್ನತಿಯ ವಿಧಿಗೆ ಒಳಗಾದ ಹುಡುಗಿಯರು ಇದನ್ನು ಸುತ್ತಿಕೊಳ್ಳುತ್ತಿದ್ದರು. ರಕ್ತ ಹೋಗುವ ಹೊತ್ತಿನಲ್ಲಿ ಬಟ್ಟೆ ಕಾಯುತ್ತದೆ ಅನ್ನುವ ನಂಬಿಕೆ. ಬೇಟೆಗಾರರ ಅಂಗಿಗಳು ಹಲವು ಸಲ ಕರಿ-ಬಿಳಿ ಅಲ್ಲ, ಮರದ ತೊಗಟೆಯ ಕಷಾಯದ ಕೆಂಗಂದು. ಮೇಲೆ ಚರ್ಮದ ತಾಯಿತಗಳು. ಆ ಕೆಂಗಂದಿಗೆ ನ್‌ಪೆಕು ಮರದ ತೊಗಟೆ ಹೆಸರಾದದ್ದು.

ಪೇಟೆಯ ಕಥೆ ಆಮೇಲಿನದು. 1978ರಲ್ಲಿ ಬಮಾಕೊದಲ್ಲಿ ಆರು ಕಲಾವಿದರು ಬೊಗೊಲಾನ್ ಕಸೊಬಾನೆ ಅನ್ನುವ ಗುಂಪು ಕಟ್ಟಿ ಇದೇ ಬಣ್ಣಗಳಲ್ಲಿ ಚಿತ್ರಪಟ ಬರೆಯತೊಡಗಿದರು. ಅವರಲ್ಲಿ ಒಬ್ಬರಾದ ಬುಬಕಾರ್ ದುಂಬಿಯಾ ಮುಂದೆ ಸೆಗುವಿನಲ್ಲಿ ನ್ದೊಮೊ ಕಾರ್ಯಾಗಾರ ತೆರೆದರು. ಕಾತಿ ಊರಿನ ಉಡುಪು ವಿನ್ಯಾಸಕ ಕ್ರಿಸ್ ಸೇಡು (1949–1994) ಇದನ್ನು ಪ್ಯಾರಿಸ್ಸಿನ ಉಡುಪುಗಳಿಗೆ ಒಯ್ದರು. ಅವರಿಗೆ ಎದುರಾದ ತೊಡಕು ನಮ್ಮ ದರ್ಜಿಗಳಿಗೂ ಅರ್ಥವಾಗುವಂಥದ್ದು. ಹಳ್ಳಿಯ ಬಟ್ಟೆಯಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಚಿತ್ರ, ಕತ್ತರಿ ಹಾಕಿದರೆ ಎಡ ತೋಳಿಗೂ ಬಲ ತೋಳಿಗೂ ತಾಳೆಯಾಗದು. ಕೊನೆಗೆ ಒಂದೇ ವಿನ್ಯಾಸ ಮತ್ತೆ ಮತ್ತೆ ಬರುವಂತೆ ಬಟ್ಟೆ ಬರೆಸಿಕೊಂಡರು. ಇಂದು ದಿಂಬಿನ ಚೀಲಗಳ ಮೇಲೆ ಕಾಣುವ ಒಂದೇ ಸಮನೆಯ ವಿನ್ಯಾಸಕ್ಕೂ ಈ ಕತ್ತರಿಗೂ ನಂಟಿದೆ ಅಂತ ನನ್ನ ಅಂದಾಜು.

ಹತ್ತಿಹಾದಿ:
ಕೊರೊಗೊ ಬಟ್ಟೆ ಅಂತಲೂ ಒಂದು ಕಂಡೆ. ಪ್ರಾಣಿ, ಹಕ್ಕಿ, ಮುಖವಾಡ ತೊಟ್ಟ ಮನುಷ್ಯರು. ಅದೂ ಇದೇನಾ?

ಅಳಲೆಕಾಯಿ:
ಅದು ಐವರಿ ಕೋಸ್ಟಿನ ಉತ್ತರದ ಸೆನುಫೊ ಜನರದ್ದು. ಪಟ್ಟಿ ಬಟ್ಟೆಯೇ, ಆದರೆ ಇಡೀ ಬಟ್ಟೆಯನ್ನು ಒಗರಿಗೆ ಅದ್ದುವುದಿಲ್ಲ. ಎಲೆಯ ಕಷಾಯದಿಂದ ಚಿತ್ರವನ್ನು ಮೊದಲು ಬರೆಯುತ್ತಾರೆ, ಒಣಗಿದ ಮೇಲೆ ಅದೇ ಗೆರೆಯ ಮೇಲೆ ಕೆಸರಿನ ಬಣ್ಣ ಎಳೆಯುತ್ತಾರೆ. ಎರಡೂ ತಾಗಿದ ಕಡೆ ಮಾತ್ರ ಕಪ್ಪು, ನೆಲ ಹತ್ತಿಯ ಬಿಳಿಯಾಗೇ ಉಳಿಯುತ್ತದೆ. ಹಾಗಾಗಿ ಬಿಳಿ ಮಾಡುವ ತಾಪತ್ರಯವೇ ಇಲ್ಲ, ತೊಳೆಯುವಾಗ ಬೂದಾಗುವ ಭಯವೂ ಕಡಿಮೆ. ಮೊದಲ ಸಲ ಕೈ ಹಾಕುವವರಿಗೆ ಇದೇ ವಾಸಿ.

ಹತ್ತಿಹಾದಿ:
ಹಂಗಾದ್ರೆ ಗೋಡು ಪಕ್ವ ಆಗೋವರೆಗೆ ಅದನ್ನೇ ಅನ್ನಭೇದಿ ಹಾಕಿ ಚಿಕ್ಕ ತುಂಡಿನ ಮೇಲೆ ನೋಡಬಹುದು. ಅಳಲೆ ಕಷಾಯ ಕುಂಚದಲ್ಲಿ ಹರಡದೆ ಇರೋಕೆ ಏನು ಸೇರಿಸಬೇಕು?

ಅಳಲೆಕಾಯಿ:
200 ಗ್ರಾಂ ಪುಡಿಗೆ ಒಂದು ಲೀಟರ್ ನೀರು ಹಾಕಿ, ಕುದಿಸಿ ಅರ್ಧಕ್ಕೆ ಇಳಿಸಿ ಸೋಸಿ. ಲೀಟರಿಗೆ 30 ಗ್ರಾಂ ಲೆಕ್ಕದಲ್ಲಿ ಜಾಲಿ ಅಂಟು ಕರಗಿಸಿ. ಆರಿದ ಮೇಲೆ ಹಚ್ಚಿ. ಬಿಸಿಯಿದ್ದಾಗ ಎಳೆದರೆ ಅಂಟಿದ್ದರೂ ಹರಡುತ್ತದೆ.